ಕ್ರಮಸಂಖ್ಯೆ ಒಂದು

ಗುಮಾಸ್ತ ಮೂರನೆಯ ಸಲ ಎಂಟರ್ ಒತ್ತಿದ. ಪರದೆ ಒಂದು ಗಳಿಗೆ ಬೆಳ್ಳಗಾಗಿ, ಮತ್ತೆ ಅದೇ ಮಾತನ್ನು ಅದೇ ಸಮಾಧಾನದಿಂದ ಹೇಳಿತು: ಈ ವ್ಯಕ್ತಿ ಈಗಾಗಲೇ ತೀರಿಕೊಂಡಿದ್ದಾರೆ. ದಯವಿಟ್ಟು ಕ್ರಮಸಂಖ್ಯೆ ಒಂದನ್ನು ನೋಡಿ.

"ನೋಡಿದ್ರಲ್ಲ ಅಮ್ಮ? ಬೆಳಿಗ್ಗೆ ನಿಮ್ಮ ತಮ್ಮನಿಗೂ ಇದನ್ನೇ ತೋರಿಸಿದೆ. ಅವರು ನನ್ನ ಮೇಲೇ ರೇಗಿದ್ರು."

"ರೇಗದೆ ಮುದ್ದು ಮಾಡ್ಬೇಕಿತ್ತಾ?" ಬಾಗಿಲಲ್ಲಿ ನಿಂತಿದ್ದ ತಮ್ಮ ಅಲ್ಲಿಂದಲೇ ಅಂದ. "ನಮ್ಮ ಭಾವ ಹೋಗಿದ್ದು ನಿನ್ನೆ ಮಧ್ಯಾಹ್ನ. ಹೆಣ ಹೊರಗೆ ವ್ಯಾನಲ್ಲಿದೆ. ನಿನ್ನ ಮಿಷನ್ನು ಮೊದಲೇ ಸತ್ತಿದ್ದಾರೆ ಅನ್ನುತ್ತೆ. ಹಂಗಾದ್ರೆ ನಿನ್ನೆವರೆಗೆ ನಮ್ಮಕ್ಕನ ಜೊತೆ ಇದ್ದೋರು ಯಾರಯ್ಯಾ?"

ಬೆಂಚಿನ ತುದಿಯಲ್ಲಿ ಕೂತಿದ್ದ ಆಕೆ ಕಿಟಕಿಯಾಚೆ ನೋಡಿದಳು. ಮರದ ಕೆಳಗೆ ವ್ಯಾನು ನಿಂತಿತ್ತು. ಅದರ ಹಿಂಬಾಗಿಲ ಸಂದಿಯಿಂದ ಐಸು ಕರಗಿದ ನೀರು ತೊಟ್ಟಿಕ್ಕಿ, ದೂಳಿನಲ್ಲಿ ಸಣ್ಣ ಕಾಲುವೆ ಕೊರೆದುಕೊಂಡು ರಸ್ತೆಯ ಕಡೆ ಹೊರಟಿತ್ತು. ರಸ್ತೆ ದಾಟಿದರೆ ಸ್ಮಶಾನ. ಗುಂಡಿ ತೋಡಿ ಆಗಿದೆ. ಆದರೆ ಈ ಹುಟ್ಟುಸಾವಿನ ಕಚೇರಿಯ ಮೊಹರು ಬಿದ್ದ ಕಾಗದ ಕೈಗೆ ಬರದೆ ಅಲ್ಲಿನ ಕಾವಲುಗಾರ ಒಂದು ಹಿಡಿ ಮಣ್ಣು ಹಾಕಲೂ ಬಿಡುವುದಿಲ್ಲ.

"ಆ ಕ್ರಮಸಂಖ್ಯೆ ಒಂದನ್ನ ನಂಗೂ ತೋರ್ಸಪ್ಪ," ಅಂದಳು.

ಗುಮಾಸ್ತ ಪರದೆಯನ್ನು ಆಕೆಯ ಕಡೆಗೆ ತಿರುಗಿಸಿದ. ಆಕೆ ಕನ್ನಡಕ ಏರಿಸಿ ಓದಿದಳು. ಗಂಡನ ಹೆಸರು. ತಂದೆ ಎಂಬಲ್ಲಿ ಮಾವನ ಹೆಸರು. ಹುಟ್ಟಿದ ದಿನ, ಅದೂ ಸರಿ. ತೀರಿಕೊಂಡ ದಿನ, ಇಪ್ಪತ್ತೆರಡು ವರ್ಷದ ಹಿಂದಿನದು. ಸ್ಥಳ: ಸ್ವಂತ ಮನೆ. ಹೇಗೆ ತೀರಿಕೊಂಡರು ಎಂಬಲ್ಲಿ ಹೀಗಿತ್ತು: ಊಟಕ್ಕೆ ಕರೆದೆ, ಏಳಲಿಲ್ಲ. ಕುರ್ಚಿಯಲ್ಲಿ ಕೂತ ಹಾಗೇ ಹೋಗಿದ್ದರು. ಅದರ ಕೆಳಗೆ, ಮಾಹಿತಿ ಕೊಟ್ಟವರು: ಹೆಂಡತಿ. ಮುಂದೆ ಆಕೆಯದೇ ಹೆಸರು.

ನಿನ್ನೆ ಮಧ್ಯಾಹ್ನ ಡಾಕ್ಟರು ಏನಾಯ್ತಮ್ಮ ಅಂತ ಕೇಳಿದಾಗ ಆಕೆಯ ಬಾಯಿಂದ ಬಂದದ್ದು ಇದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

"ನಾನು ಈ ಕೆಲಸಕ್ಕೆ ಸೇರಿದಾಗಿಂದ ಇವರು ಇಲ್ಲೇ ಇದ್ದಾರೆ," ಗುಮಾಸ್ತ ದನಿ ತಗ್ಗಿಸಿ ಹೇಳಿದ. "ದಿನಾ ಬೆಳಿಗ್ಗೆ ಬಂದ ತಕ್ಷಣ ಇವರದೊಂದು ಪ್ರಿಂಟ್ ತೆಗೀತೀನಿ. ಶಾಯಿ ಇದೆಯಾ, ಕಾಗದ ಸರಿಯಾಗಿ ಎಳೀತಾ ಅಂತ ನೋಡೋಕೆ. ಯಾರೋ ಹಳೇ ಕಾಲದೋರು ಅಂದ್ಕೊಂಡಿದ್ದೆ ಅಮ್ಮ. ದೇವರಾಣೆ."

ಅವನ ಟೀ ಲೋಟದ ಕೆಳಗೆ ಒಂದು ರದ್ದಿ ಹಾಳೆ ಇತ್ತು. ಲೋಟ ಇಟ್ಟು ಇಟ್ಟು ಅದರ ಮೇಲೆ ಕಂದು ಬಳೆಗಳು ಮೂಡಿದ್ದವು. ಆ ಬಳೆಗಳ ಒಳಗೆ ಆಕೆ ತನ್ನ ಹೆಸರನ್ನು ಮತ್ತೆ ಓದಿದಳು. ಮೂಲೆಯಲ್ಲಿದ್ದ ರದ್ದಿ ಕಾಗದದ ರಾಶಿಯ ಕಡೆ ನೋಡಲು ಧೈರ್ಯವಾಗಲಿಲ್ಲ. ಮೊಣಕಾಲೆತ್ತರದ ರಾಶಿ ಅದು.

*

ಇಪ್ಪತ್ತೆರಡು ವರ್ಷದ ಹಿಂದೆ ಅವರ ಮನೆಯೆಂದರೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ. ಕೋಣೆಯಲ್ಲಿ ಮಂಚಕ್ಕಿಂತ ದೊಡ್ಡ ಮೇಜು, ಮೇಜಿನ ಮೇಲೆ ಎರಡು ಕಂಪ್ಯೂಟರು, ಅವುಗಳ ಮುಂದೆ ಗಂಡ ಮತ್ತು ಅವನ ಜೊತೆಗಾರ. ಹುಟ್ಟುಸಾವು ಬರೆದುಕೊಳ್ಳುವ ಮೂರು ಸಾವಿರ ಕಚೇರಿಗಳಿಗೆ ಒಂದೇ ಪ್ರೋಗ್ರಾಮ್ ಬರೆದುಕೊಡುವ ಕೆಲಸ ಅವರಿಬ್ಬರಿಗೆ ಸಿಕ್ಕಿತ್ತು. ಬರೆಯುವುದಕ್ಕಿಂತ ಮೊದಲು ಜಗಳ ಶುರುವಾಯಿತು. ಯಾವ ಫ್ರೇಮ್‌ವರ್ಕಿನಲ್ಲಿ ಬರೆಯುವುದು ಎಂಬುದೇ ಜಗಳ. ಅಡುಗೆಮನೆಯಿಂದ ಎರಡು ತಿಂಗಳು ಕೇಳಿ ಕೇಳಿ ಆಕೆಗೂ ಅದು ಅರ್ಥವಾಗಿಹೋಗಿತ್ತು. ಮನೆ ಕಟ್ಟುವವನು ಗೋಡೆ ಮಣ್ಣಿನದೋ ಕಲ್ಲಿನದೋ ಎಂದು ಮೊದಲೇ ಗೊತ್ತು ಮಾಡಿಕೊಳ್ಳುತ್ತಾನಲ್ಲ, ಹಾಗೆ. ಅರ್ಧ ಎದ್ದ ಮೇಲೆ ಮನಸ್ಸು ಬದಲಾದರೆ ಕೆಡವಿಯೇ ಕಟ್ಟಬೇಕು.

ಜೊತೆಗಾರನಿಗೆ ಹೊಸದು ಬೇಕಿತ್ತು. ಅದು ಪದರ ಪದರವಾಗಿ ಕೂರುವಂಥದ್ದು, ನೋಡಲು ಚೆಂದ, ಯಾವ ಪದರ ಕೆಟ್ಟರೂ ಫೋನಿನ ತಂತಿಯ ಮೂಲಕ ದೂರದಿಂದಲೇ ಬದಲಿಸಬಹುದು. ಗಂಡನಿಗೆ ಹಳೆಯದೇ ಬೇಕು. ಅದರಲ್ಲಿ ಎಲ್ಲವೂ ಒಂದೇ ಫೈಲಿನೊಳಗೆ ಭದ್ರ. ಸಿ.ಡಿ.ಗೆ ಹಾಕಿ ಕಳಿಸಿದರೆ ಎಂಥ ಮುದಿ ಕಂಪ್ಯೂಟರಿನಲ್ಲೂ ಓಡುತ್ತದೆ, ಆದರೆ ಒಮ್ಮೆ ಹೊರಗೆ ಹೋದದ್ದನ್ನು ಹಿಂದಕ್ಕೆ ಕರೆಯುವ ಹಾಗಿಲ್ಲ. ತರಕಾರಿ ಹೆಚ್ಚುತ್ತ ಆಕೆಯೇ ಇಬ್ಬರಿಗೂ ಹೆಸರಿಟ್ಟಳು. ಜೊತೆಗಾರ ಈರುಳ್ಳಿ, ಗಂಡ ಡಬ್ಬಿ.

"ಮೂರು ಸಾವಿರ ಕಚೇರಿ ಕಣೋ ಡಬ್ಬಿ," ಅನ್ನುತ್ತಿದ್ದ ಈರುಳ್ಳಿ. "ನಾಳೆ ಒಂದು ತಪ್ಪು ಸಿಕ್ಕಿದ್ರೆ ಮೂರು ಸಾವಿರ ಊರಿಗೂ ಬಸ್ ಹತ್ತುತೀಯಾ? ನನ್ನದ್ರಲ್ಲಾದ್ರೆ ಇಲ್ಲೇ ಕೂತು ಒಂದು ಸಾಲು ತಿದ್ದಿದ್ರೆ ಸಾಕು, ಎಲ್ಲಾ ಕಡೆ ತಿದ್ದಿಹೋಗುತ್ತೆ."

"ಫೋನೇ ಇಲ್ದಿರೋ ಕಚೇರಿಲಿ ಹೆಂಗೋ ತಿದ್ದುತ್ತೆ? ಮೊನ್ನೆ ಒಂದು ಕಡೆ ಕಂಪ್ಯೂಟರ್ ಒಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು. ಅದ್ರಲ್ಲಿ ನಿನ್ನ ಏಳು ಪದರ ಕೂರ್ಸು ನೋಡೋಣ."

ಜಗಳ ಮುಗಿದದ್ದು ಒಬ್ಬ ಮುದುಕನಿಂದ. ಕಚೇರಿಗಳನ್ನು ನೋಡಿ ಬರಲು ಹೋದ ಗಂಡ ವಾರದ ಮೇಲೆ ವಾಪಸು ಬಂದ. ಚಪ್ಪಲಿ ಕಳಚದೆ ಕುರ್ಚಿಯಲ್ಲಿ ಕೂತುಬಿಟ್ಟ. ಒಂದು ಕಚೇರಿಯ ಬಾಗಿಲಲ್ಲಿ ಆ ಮುದುಕ ಎತ್ತಿನ ಹಗ್ಗ ಹಿಡಿದು ನಿಂತಿದ್ದನಂತೆ. ಬಾವಿ ಪಕ್ಕದ ತುಂಡು ಹೊಲಕ್ಕಾಗಿ ಅಣ್ಣನ ಮಕ್ಕಳು ಅವನನ್ನು ಪುಸ್ತಕದಲ್ಲಿ ಸತ್ತವನೆಂದು ಬರೆಸಿದ್ದರು. ನಾಲ್ಕು ವರ್ಷದಿಂದ ಅಲೆಯುತ್ತಿದ್ದ. ನೀನು ನೀನೇ ಅನ್ನೋದಕ್ಕೆ ಸಾಕ್ಷಿ ತಗೊಂಡು ಬಾ ಎಂದು ಗುಮಾಸ್ತರು ಹೇಳಿದ್ದಕ್ಕೆ ಎತ್ತನ್ನು ಹೊಡಕೊಂಡು ಬಂದಿದ್ದ.

"'ಊರೋರೆಲ್ಲ ಅವರ ಕಡೆ ಆಗವ್ರೆ ಸ್ವಾಮಿ, ಇದೊಂದಕ್ಕೆ ಮಾತ್ರ ನಾನ್ಯಾರು ಅಂತ ಗೊತ್ತು' ಅಂದ," ಎಂದು ಗಂಡ ಹೇಳಿದ. ಈರುಳ್ಳಿ ನಗಲು ಹೋಗಿ ನಿಲ್ಲಿಸಿದ. "ದೂರದಿಂದ ತಿದ್ದಬಹುದು ಅಂದ್ರೆ ದೂರದಿಂದ ಸಾಯಿಸಲೂಬಹುದು ಕಣೋ. ನಮ್ಮದು ಡಬ್ಬಿನೇ ಇರಲಿ."

ಹಾಗೆ ಅದು ಡಬ್ಬಿಯೇ ಆಯಿತು. ಒಮ್ಮೆ ಬರೆದದ್ದನ್ನು ಅಳಿಸುವ ದಾರಿ ಅದರಲ್ಲಿಲ್ಲ. ಸುದ್ದಿ ಸುಳ್ಳಾಗಿದ್ದರೆ ಅದನ್ನು ಕೊಟ್ಟವರೇ ಬಂದು, ಸುಳ್ಳು ಎಂದು ಒಪ್ಪಿ, ಸತ್ತವರನ್ನು ಬದುಕಿಸಬೇಕು. ಹಾಗೆ ಬದುಕಿದವರನ್ನು ಆ ದಿನ ಮತ್ತೆ ಯಾರೂ ಸತ್ತರೆಂದು ಬರೆಸುವ ಹಾಗಿಲ್ಲ. ಕೊನೆಯ ನಿಯಮ ಯಾಕೆಂದು ಈರುಳ್ಳಿ ಕೇಳಿದಾಗ ಗಂಡ ಹೇಳಿದ್ದಿಷ್ಟೆ: "ಒಂದು ದಿನವಾದ್ರೂ ನೆಮ್ಮದಿಯಾಗಿ ಬದುಕಲಿ ಪಾಪ."

ಡಬ್ಬಿ ಮುಚ್ಚುವ ಮೊದಲು ಪರೀಕ್ಷೆಗೆ ಒಂದು ಸಾವು ಬೇಕಾಯಿತು. ಯಾರನ್ನು ಸಾಯಿಸುವುದು? "ನನ್ನ ಹೆಸರು ಬೇಡಪ್ಪ, ನಮ್ಮಮ್ಮನಿಗೆ ನಾನೊಬ್ಬನೇ," ಅಂದ ಈರುಳ್ಳಿ. ಬೇರೆ ಯಾರದೋ ಹೆಸರು ಹಾಕಲು ಗಂಡನಿಗೆ ಮನಸ್ಸು ಬರಲಿಲ್ಲ. ತನ್ನದನ್ನೇ ಹಾಕಿದ. ಮಧ್ಯಾಹ್ನ ಮೂರು ಗಂಟೆಯಾಗಿತ್ತು, ಆಕೆ ಎರಡು ಸಲ ಸಾರು ಬಿಸಿ ಮಾಡಿದ್ದಳು.

"ಏ, ನಾನು ಹೆಂಗೆ ಸತ್ತೆ ಹೇಳು!" ಕೋಣೆಯಿಂದ ಕೂಗಿದ.

"ಊಟಕ್ಕೆ ಕರೆದೆ, ಏಳಲಿಲ್ಲ. ಕುರ್ಚಿಯಲ್ಲಿ ಕೂತ ಹಾಗೇ ಹೋಗಿದ್ದರು. ಹಂಗಂತ ಬರ್ಕೊಳ್ಳಿ!"

"ಮಾಹಿತಿ ಕೊಟ್ಟವರು?"

"ನಾನೇ, ಇನ್ಯಾರು!"

ಗಂಡಸರಿಬ್ಬರೂ ನಕ್ಕದ್ದು ಕೇಳಿಸಿತು. ಕೈಯಲ್ಲಿ ಸೌಟು ಹಿಡಿದುಕೊಂಡು ಆಕೆಯೂ ನಕ್ಕಳು.

*

ಈರುಳ್ಳಿ ಕಚೇರಿಗೆ ಬಂದಾಗ ಬಿಸಿಲು ಏರಿತ್ತು. ಅವನ ತಲೆ ಪೂರ್ತಿ ನರೆತಿತ್ತು. ಹಿಂದೆ ಇನ್ನಿಬ್ಬರು ಅಪರಿಚಿತರು, ಒಬ್ಬ ಗಂಡಸು, ಒಬ್ಬ ಹೆಂಗಸು. ಬೇರೆ ಬೇರೆ ಕಚೇರಿಗಳ ಗುಮಾಸ್ತರು. ಮೂವರೂ ವ್ಯಾನಿನ ಹತ್ತಿರ ಹೋಗಿ ಕೈಮುಗಿದು ಬಂದರು. ಆ ಇಬ್ಬರ ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ.

"ಅಮ್ಮ," ಎಂದಳು ಗುಮಾಸ್ತೆ, "ಈ ಪ್ರೋಗ್ರಾಮ್ ಮಾಡಿದೋರು ತೀರ್ಕೊಂಡ್ರು ಅಂತ ಕೇಳಿ ಬಂದ್ವಿ. ಅವರ ಹೆಸರು ನಮಗೆ ಗೊತ್ತಿರಲಿಲ್ಲ, ಎಲ್ಲೂ ಹಾಕಿಲ್ಲ ಅವರು. ಈಗ ವ್ಯಾನಿನ ಗಾಜಿಗೆ ಅಂಟಿಸಿದ ಚೀಟಿ ಓದಿದೆ." ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ಇವರು ನಮ್ಮ ಕಚೇರಿಲೂ ಇದ್ದಾರೆ."

"ನಮ್ಮಲ್ಲೂ," ಅಂದ ಇನ್ನೊಬ್ಬ. "ಎಲ್ಲಾ ಕಡೆನೂ ಇವರೇ ಒಂದನೇ ನಂಬರು. ಹೊಸಬರು ಬಂದ್ರೆ ಇವರನ್ನ ತೆಗೆದೇ ಕೆಲಸ ಕಲಿಸೋದು. ನಮಗೆ ಇವರು ಸತ್ತು ಇಪ್ಪತ್ತೆರಡು ವರ್ಷ ಆಗಿದೆ ತಾಯಿ. ಮತ್ತೆ ಅಲ್ಲಿ ಮಲಗಿರೋರು ನೋಡಿದ್ರೆ..."

"ನಾನಂತೂ ದಿನಾ ಮಾತಾಡಿಸ್ತಿದ್ದೆ," ಅಂದಳು ಗುಮಾಸ್ತೆ. "ಒಬ್ಬಳೇ ಕೂತು ಊಟದ ಡಬ್ಬಿ ಬಿಚ್ಚುವಾಗ, 'ಏನಪ್ಪಾ ನಂಬರ್ ಒನ್ನು, ಇವತ್ತೂ ಊಟಕ್ಕೆ ಏಳಲಿಲ್ವಾ' ಅಂತ. ಸುಮ್ನೆ ತಮಾಷೆಗೆ. ತಪ್ಪು ತಿಳ್ಕೋಬೇಡಿ."

ಆಕೆ ತಪ್ಪು ತಿಳಿಯಲಿಲ್ಲ. ಈರುಳ್ಳಿಯ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಅತ್ತಿಗೆ." ಈರುಳ್ಳಿ ಬೆಂಚಿನ ಮೇಲೆ ಕುಸಿದು ಕೂತ. "ಪರೀಕ್ಷೆ ಮಾಡಿದ ಹಾಳೆ ತೆಗೆಯದೇನೇ ಡಬ್ಬಿ ಮುಚ್ಚಿಬಿಟ್ವಿ. ನೋಡ್ಕೊಳ್ಳೋ ಹೊತ್ತಿಗೆ ಏಳುನೂರು ಸಿ.ಡಿ. ಬಸ್ ಹತ್ತಿ ಹೋಗಿತ್ತು. ಅದ್ರಿಂದ ಇನ್ನೊಂದು ಕಾಪಿ, ಇನ್ನೊಂದ್ರಿಂದ ಮತ್ತೊಂದು, ಹಂಗೆ ಮೂರು ಸಾವಿರ. ಎಲ್ಲಿ ಎಲ್ಲಿ ಅಂತ ಲೆಕ್ಕ ಇಟ್ಟೋರು ಯಾರು? ಬಿತ್ತಿದ ಮೇಲೆ ಕಾಳು ಆರಿಸೋಕಾಗುತ್ತಾ?"

"ನಂಗ್ಯಾಕೆ ಹೇಳಲಿಲ್ಲ?"

"ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ. 'ಅವಳು ತಮಾಷೆಗೆ ಆಡಿದ ಮಾತು ಊರೂರಿಗೆ ಹೋಗಿ ಕೂತಿದೆ ಅಂತ ತಿಳಿದ್ರೆ ಅವಳಿಗೆ ನಿದ್ದೆ ಬರಲ್ಲ' ಅಂದ. 'ಅದೊಂದನ್ನ ಸುಳ್ಳು ಮಾಡೋ ದಾರಿ ನಂಗೊತ್ತು, ನೀನು ಸುಮ್ನಿರು' ಅಂದ. ಏನು ದಾರಿ ಅಂತ ಕೇಳಿದ್ರೆ ನಕ್ಕುಬಿಟ್ಟ."

ಮದುವೆಯಾದ ಹೊಸದರಲ್ಲಿ ಆ ಮನುಷ್ಯನನ್ನು ಊಟಕ್ಕೆ ಎಬ್ಬಿಸುವುದೆಂದರೆ ಕೆಸರಿನಲ್ಲಿ ಹೂತ ಗಾಡಿ ಎತ್ತಿದ ಹಾಗೆ. ಎರಡನೆಯ ವರ್ಷದಲ್ಲಿ ಯಾವಾಗಲೋ ಅದು ಬದಲಾಗಿತ್ತು. ಬಾ ಎಂದು ಒಂದು ಸಲ ಕರೆದರೆ ಸಾಕು, ಕುರ್ಚಿ ಹಿಂದಕ್ಕೆ ಜರುಗಿದ ಸದ್ದು. ಜ್ವರವಿದ್ದಾಗಲೂ ಗೋಡೆ ಹಿಡಿದು ಎದ್ದು ಬಂದು, ಎರಡು ತುತ್ತು ತಿಂದು ಹೋಗುತ್ತಿದ್ದ. ಕೆಲಸ ಎಷ್ಟೇ ತಲೆಯ ಮೇಲೆ ಬಿದ್ದಿರಲಿ, ಎರಡನೆಯ ಸಲ ಕರೆಸಿಕೊಂಡವನಲ್ಲ. ನೆರೆಯವರು ನಿಮ್ಮ ಯಜಮಾನರು ಎಷ್ಟು ಸಾಧು ಅನ್ನುವಾಗ ಆಕೆ ಒಳಗೊಳಗೇ ಬೀಗುತ್ತಿದ್ದಳು, ತಾನು ಪಳಗಿಸಿದ್ದೆಂದು.

ಇಪ್ಪತ್ತೆರಡು ವರ್ಷ ಅವನು ದಿನಕ್ಕೆ ಎರಡು ಸಲ ಎದ್ದು ಬಂದು ಆಕೆಯ ಮಾತನ್ನು ಸುಳ್ಳು ಮಾಡುತ್ತಿದ್ದ. ನಿನ್ನೆ ಕರೆದಾಗ ಕುರ್ಚಿಯ ಸದ್ದು ಬರಲಿಲ್ಲ.

"ಅಕ್ಕ, ಹೊತ್ತಾಗ್ತಿದೆ," ತಮ್ಮ ಹತ್ತಿರ ಬಂದು ಬಗ್ಗಿ ಹೇಳಿದ. "ಐಸು ಸಂಜೆವರೆಗೂ ಬಂದ್ರೆ ಹೆಚ್ಚು. ಈ ಹಳೇ ಕಾಗದನೇ ತಗೊಂಡು ಹೋಗೋಣ. ಕಾವಲುಗಾರ ತಾರೀಕು ಓದಲ್ಲ, ಮೊಹರು ನೋಡ್ತಾನೆ ಅಷ್ಟೇ. ಹೆಸರು ಭಾವಂದೇ ಇದೆಯಲ್ಲ."

"ಮಾವ!" ಇಷ್ಟು ಹೊತ್ತು ಕಿಟಕಿಯ ಬಳಿ ನಿಂತಿದ್ದ ಮಗಳು ತಿರುಗಿದಳು. ಅವಳಿಗೆ ಹತ್ತೊಂಬತ್ತು. "ಆ ಕಾಗದ ನಿಜ ಆದ್ರೆ ಅಪ್ಪ ಸತ್ತು ಮೂರು ವರ್ಷಕ್ಕೆ ಹುಟ್ಟಿದೋಳು ನಾನು. ನಾನೇನು ದೆವ್ವಕ್ಕೆ ಹುಟ್ಟಿದೋಳಾ?"

"ಬಾಯಲ್ಲಿ ಒಳ್ಳೇ ಮಾತೇ ಬರಲ್ಲ ನಿಂಗೆ. ಹಂಗಾದ್ರೆ ಭಾವನ ಅಪ್ಪನ ಹೆಸರು ಬೇರೆ ಏನಾದ್ರೂ ಹಾಕಲಿ, ಮಿಷನ್ನು ಬೇರೆ ಯಾರೋ ಅಂದ್ಕೊಂಡು ಒಪ್ಪುತ್ತೆ. ಏನಯ್ಯಾ, ಆಗುತ್ತಲ್ಲ?"

ಗುಮಾಸ್ತ ಕೀಲಿಮಣೆಯಿಂದ ಕೈ ತೆಗೆದು ಆಕೆಯ ಮುಖ ನೋಡಿದ.

"ಬೇರೆಯವರ ಮಗನನ್ನ ಮಣ್ಣಿಗಿಡೋಕೆ ನಾನು ಇಲ್ಲಿ ಬಂದು ಕೂತಿಲ್ಲ ಕಣೋ," ಅಂದಳು ಆಕೆ. ಮತ್ತೆ ಈರುಳ್ಳಿಯನ್ನು ಕೇಳಿದಳು: "ನಿಮ್ಮ ಪದರದ್ದು ಆಗಿದ್ರೆ ಇದನ್ನ ಈಗ ತೆಗೀಬಹುದಿತ್ತಾ?"

"ಒಂದು ಗಂಟೆ ಕೆಲಸ. ಮೂರು ಸಾವಿರ ಕಡೆಯಿಂದಲೂ."

"ಬೇರೆಯವರೂ ತೆಗೀಬಹುದಿತ್ತು."

ಈರುಳ್ಳಿ ತಲೆಯಾಡಿಸಿದ. "ಹ್ಞೂಂ. ತೆಗೀಬಹುದಿತ್ತು. ಯಾರನ್ನ ಬೇಕಾದ್ರೂ ಹಾಕಲೂಬಹುದಿತ್ತು."

"ಹಂಗಾದ್ರೆ ಅವರು ಇಟ್ಟಿರೋ ದಾರಿಲೇ ಹೋಗೋಣ," ಎಂದಳು. "ಸುದ್ದಿ ಕೊಟ್ಟೋಳು ನಾನು. ಸುಳ್ಳು ಅಂತ ಒಪ್ಕೊಳ್ಳೋಳೂ ನಾನೇ."

"ಅಮ್ಮ," ಗುಮಾಸ್ತ ತಡವರಿಸಿದ, "ಹಂಗೆ ಮಾಡಿದ್ರೆ ಈ ದಿನ ಅವರು ಬದುಕಿದ್ದಾರೆ ಅಂತ ಆಗುತ್ತೆ. ನಾಳೆ ಬೆಳಿಗ್ಗೆವರೆಗೆ ಸಾವು ಬರೆಯೋಕೆ ಬಿಡಲ್ಲ ಇದು. ಇವತ್ತು ಮಣ್ಣು ಮಾಡೋಕಾಗಲ್ಲ."

"ಈ ಬಿಸಿಲಲ್ಲಾ?" ತಮ್ಮ ಕಿಟಕಿಯಾಚೆ ಕೈ ತೋರಿಸಿದ. "ತೋಡಿದ ಗುಂಡಿ ಹಂಗೇ ಬಾಯಿ ತೆರಕೊಂಡಿದೆ ಅಕ್ಕ. ಜನ ಕಾಯ್ತಿದ್ದಾರೆ. ಏನಂತ ಹೇಳಲಿ ಅವರಿಗೆ?"

"ನಾಳೆ ಬನ್ನಿ ಅನ್ನು. ಇಪ್ಪತ್ತೆರಡು ವರ್ಷನ ನೀರಿಗೆ ಹಾಕಿ ಬರೋದಕ್ಕಿಂತ ಒಂದು ದಿನ ಐಸು ಹೊರೋದು ಮೇಲು."

*

ಗುಮಾಸ್ತ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. ಸುದ್ದಿ ಸುಳ್ಳೆಂದು ಒಪ್ಪುವ ಆ ಪುಟ ತೆರೆದದ್ದನ್ನು ಅವನೂ ನೋಡಿರಲಿಲ್ಲ. ಬೇರೆ ಕಚೇರಿಗಳ ಇಬ್ಬರೂ ಬಂದು ಬೆನ್ನ ಹಿಂದೆ ನಿಂತರು. ಆಕೆಗೆ ಅವರ ಉಸಿರು ಕತ್ತಿಗೆ ತಾಗುತ್ತಿತ್ತು.

ಪರದೆಯ ನಡುವೆ ಒಂದೇ ಸಾಲು: ಆತುರವಿಲ್ಲ. ನಿಧಾನವಾಗಿ ಓದಿ.

ಅದು ಪ್ರೋಗ್ರಾಮಿನ ಮಾತಲ್ಲ. ಕನ್ನಡಕ ಹುಡುಕುವಾಗ, ಬಸ್ಸಿಗೆ ಓಡುವಾಗ, ಹೆರಿಗೆಯ ಕೋಣೆಯ ಬಾಗಿಲಲ್ಲಿ, ಗಂಡನ ಬಾಯಿಂದ ಕೇಳಿದ ಮಾತು.

ಈ ಸುದ್ದಿ ಕೊಟ್ಟವರು ನೀವೇ?

ಹೌದು ಎಂದು ಒತ್ತಿದಳು.

ಆ ಸುದ್ದಿ ಸುಳ್ಳೇ?

ಬೆರಳು ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಹೌದು.

ಈ ವ್ಯಕ್ತಿ ಈಗ ಎಲ್ಲಿದ್ದಾರೆ?

ಇಲ್ಲಿ ಹೌದು, ಇಲ್ಲ ಎಂಬುದಿರಲಿಲ್ಲ. ಖಾಲಿ ಜಾಗವಿತ್ತು. ಆಕೆ ಕಿಟಕಿಯಾಚೆ ನೋಡಿದಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: ಹೊರಗೆ ಮರದ ನೆರಳಲ್ಲಿ ಕಾಯುತ್ತಿದ್ದಾರೆ.

ಪರದೆ ಬೆಳ್ಳಗಾಗಿ, ಕೊನೆಯ ಪ್ರಶ್ನೆಯನ್ನು ತಂದಿತು. ಆ ದಿನದ ನಂತರವೂ ಅವರು ಬದುಕಿದ್ದರೆಂದು ನಿಮಗೆ ಹೇಗೆ ಗೊತ್ತು?

ಆಕೆ ಬಹಳ ಹೊತ್ತು ಕೂತಳು. ಮಗಳು ಬಂದು ಹೆಗಲ ಮೇಲೆ ಕೈಯಿಟ್ಟಳು. ನಾನು ಒತ್ತಲಾ ಅಮ್ಮ ಅಂದದ್ದಕ್ಕೆ ಆಕೆ ತಲೆ ಅಲ್ಲಾಡಿಸಿ ತಾನೇ ಬರೆದಳು: ಊಟಕ್ಕೆ ಕರೆದಾಗಲೆಲ್ಲ ಎದ್ದು ಬಂದರು.

ಪ್ರಿಂಟರು ಕೆಮ್ಮಿ, ಕಾಗದವನ್ನು ಒಳಗೆಳೆದುಕೊಂಡು ಹೊರಗೆ ನೂಕಿತು. ಗುಮಾಸ್ತ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೊಹರು ಒತ್ತಿ, ಓದಿ ಹೇಳಿದ: "ಈ ದಿನ ಈ ವ್ಯಕ್ತಿ ಜೀವಂತರಾಗಿದ್ದಾರೆ. ನಾಳೆ ಬೆಳಗಾಗುವ ತನಕ ಇವರನ್ನು ಯಾರೂ ಸತ್ತವರೆಂದು ಬರೆಯುವಂತಿಲ್ಲ." ಓದಿ ಮುಗಿದ ಮೇಲೆ ಅವನು ಯಾಕೋ ಕಿಟಕಿಯ ಕಡೆ ನೋಡಲಿಲ್ಲ. ಗುಮಾಸ್ತೆ ಮಾತ್ರ ಮೆಲ್ಲಗೆ ಕೇಳಿದಳು, "ನಮ್ಮ ಕಚೇರಿದು ಹಂಗೇ ಇರುತ್ತಲ್ಲ ಅಮ್ಮ? ನಾಳೆ ಬೆಳಿಗ್ಗೆ ನಾನೇನು ಮಾಡಲಿ?"

"ಎಂದಿನ ಹಾಗೆ ಮಾತಾಡಿಸು ತಾಯಿ," ಅಂದಳು.

ತಮ್ಮ ಗೊಣಗುತ್ತಲೇ ಐಸು ತರಲು ಹೋದ. ಈರುಳ್ಳಿ ಸ್ಮಶಾನದ ಕಡೆ ರಸ್ತೆ ದಾಟಿದ, ಗುಂಡಿಯ ಮೇಲೆ ಹಲಗೆ ಮುಚ್ಚಿಸಲು. ವ್ಯಾನಿನ ಡ್ರೈವರು ಬೀಡಿ ಎಸೆದು ಎದ್ದು ನಿಂತ.

"ಎದುರಿಗೇ ಅಲ್ವಾ ಅಮ್ಮ?"

"ಅಲ್ಲ. ಮನೆಗೆ."

ಅವನು ಆಕೆಯ ಕೈಯಲ್ಲಿದ್ದ ಕಾಗದ ನೋಡಿದ. ಇನ್ನೊಮ್ಮೆ ನೋಡಿದ. ತನ್ನ ಬಾಗಿಲು ತೆರೆದು ಹತ್ತಿದ. ಮಗಳು ಅವನ ಪಕ್ಕ ಕೂತಳು. ಮುಂದೆ ಇನ್ನೂ ಒಬ್ಬರಿಗೆ ಜಾಗವಿತ್ತು. ಆಕೆ ಹಿಂಬಾಗಿಲಿನಿಂದ ಹತ್ತಿ, ಐಸಿನ ಪೆಟ್ಟಿಗೆಯ ಪಕ್ಕದ ಕಬ್ಬಿಣದ ಪಟ್ಟಿಯ ಮೇಲೆ ಕೂತಳು. ಗಂಡನ ಮುಖದ ಮೇಲಿನ ಬಟ್ಟೆ ಸರಿಸಿದಳು. ಅದನ್ನು ಎರಡು ಮಡಿಕೆ ಮಾಡಿ, ಚಳಿಗೆ ಹೊದಿಸುವವರ ಹಾಗೆ ಎದೆಯವರೆಗೆ ಎಳೆದು ಅಂಚು ಒತ್ತಿದಳು.

ವ್ಯಾನು ಹೊರಟಿತು. ತಿರುವಿನಲ್ಲಿ ಜನ ಅಡ್ಡ ಬಂದರು, ಡ್ರೈವರಿನ ಕೈ ಅಭ್ಯಾಸದಂತೆ ಹಾರನ್ನಿಗೆ ಹೋಯಿತು.

"ಹಾರನ್ ಬೇಡಪ್ಪ," ಹಿಂದಿನಿಂದ ಆಕೆ ಮೆತ್ತಗೆ ಅಂದಳು. "ಮಲಗಿದ್ದಾರೆ."

ಡ್ರೈವರು ಮೇಲಿನ ಕನ್ನಡಿಯಲ್ಲಿ ಒಮ್ಮೆ ನೋಡಿದ. ಆಮೇಲೆ ಕೈಯೆತ್ತಿ ಕನ್ನಡಿಯನ್ನು ಚಾವಣಿಯ ಕಡೆಗೆ ತಿರುಗಿಸಿದ. ಮುಂದೆ ರಸ್ತೆ ಕಿತ್ತುಹೋಗಿತ್ತು. ಅವನು ಗೇರು ಇಳಿಸಿ, ಹಳ್ಳಗಳನ್ನು ಒಂದೊಂದಾಗಿ ತಪ್ಪಿಸುತ್ತ, ಕುಲುಕದ ಹಾಗೆ ಓಡಿಸತೊಡಗಿದ.